ನೆಲದೊಳಗಣ ಗುಡಾಣ

ಜಾರ್ಜಿಯಾ ದೇಶದ ಪೂರ್ವದಂಚಿನಲ್ಲಿರುವ ಕಾಖೇತಿ ಸೀಮೆಯಲ್ಲಿ ಯಾವುದಾದರೊಂದು ರೈತನ ಮನೆಯ ‘ಮರಾನಿ’ಯನ್ನು, ಎಂದರೆ ದ್ರಾಕ್ಷಾಮದ್ಯವನ್ನು ಇರಿಸುವ ಕೋಣೆಯನ್ನು, ಚಳಿಗಾಲದಲ್ಲಿ ಹೊಕ್ಕವನಿಗೆ ಅಲ್ಲಿ ಏನೂ ಇಲ್ಲವೆಂದೇ ಮೊದಲು ತೋರುವುದು. ಪೀಪಾಯಿಗಳ ಸಾಲಿಲ್ಲ, ಸೀಸೆ ಜೋಡಿಸಿದ ಕಪಾಟಿಲ್ಲ, ಮಸುಕು ಬೆಳಕು, ಗುಡಿಸಿದ ನೆಲ, ಆ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಜೇಡಿಮಣ್ಣು ಮೆತ್ತಿದ ಮುಚ್ಚಳ, ಇಷ್ಟೇ. ಆದರೆ ಆ ಮುಚ್ಚಳಗಳ ಕೆಳಗೆ, ಒಬ್ಬ ಮನುಷ್ಯನು ಇಳಿದು ನಿಂತರೂ ತಲೆ ಕಾಣದಷ್ಟು ಆಳವಾದ ಮಣ್ಣಿನ ಗುಡಾಣಗಳು ಕೊರಳವರೆಗೂ ಹೂತುಕೊಂಡು ನಿಂತಿವೆ. ಶರತ್ಕಾಲದಲ್ಲಿ ತುಳಿದು ತೆಗೆದ ರಸವು ಅವುಗಳೊಳಗೆ, ತನ್ನ ಸಿಪ್ಪೆ, ಬೀಜ, ತೊಟ್ಟುಗಳ ಸಮೇತ, ಯಾರ ಕೈಯೂ ತಾಗದೆ, ಯಾರ ಕಣ್ಣಿಗೂ ಬೀಳದೆ, ಪಾಕಕ್ಕೆ ಬರುತ್ತಿದೆ. ಈ ಗುಡಾಣದ ಹೆಸರು ‘ಕ್ವೆವ್ರಿ’.

ಮದ್ಯಪಾನದ ಗುಣದೋಷ ವಿಚಾರವನ್ನು ನೀತಿಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಬಿಟ್ಟು, ಒಂದು ಜನಾಂಗವು ತನ್ನ ನೆಲದ ಹಣ್ಣೊಂದನ್ನು ಎಷ್ಟು ಶ್ರದ್ಧೆಯಿಂದ ಕಂಡಿತು, ಅದರ ರಸವನ್ನು ಕಾಪಾಡುವ ವಿದ್ಯೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೇಗೆ ಒಪ್ಪಿಸಿತು ಎಂಬುದನ್ನು ತಿಳಿಯಬಯಸುವವರಿಗೆ ಕಾಖೇತಿಯಷ್ಟು ತುಂಬಿದ ದೃಷ್ಟಾಂತ ಮತ್ತೊಂದು ದೊರೆಯುವುದು ದುರ್ಲಭ. ರಾಜ್ಯಗಳು ಅಲ್ಲಿ ಹುಟ್ಟಿ ಅಳಿದವು. ದಂಡುಗಳು ಬಂದು ಊರುಗಳನ್ನು ಹಾಳುಗೆಡಹಿದವು. ಸರಕಾರಗಳು ಒಮ್ಮೆ ‘ಹೆಚ್ಚು ಮಾಡಿರಿ’ ಎಂದೂ ಇನ್ನೊಮ್ಮೆ ‘ಬಳ್ಳಿಯನ್ನೇ ಕಿತ್ತುಹಾಕಿರಿ’ ಎಂದೂ ಆಜ್ಞಾಪಿಸಿದವು. ಇಷ್ಟೆಲ್ಲದರ ನಡುವೆಯೂ ವಿದ್ಯೆಯು ಉಳಿದುಕೊಂಡುದಕ್ಕೆ ಮುಖ್ಯ ಕಾರಣವೆಂದರೆ, ಅಲ್ಲಿನ ಒಕ್ಕಲುಮನೆಗಳು ತಂತಮ್ಮ ನೆಲದಡಿಯಲ್ಲಿ ಒಂದೆರಡು ಗುಡಾಣಗಳನ್ನು ಬಿಡದೆ ತುಂಬುತ್ತ ಬಂದುದೇ ಎಂದು ನಾನು ನಂಬಿದ್ದೇನೆ.

ಎರಡು ಬೆಟ್ಟಸಾಲುಗಳ ನಡುವೆ

ಕಾಖೇತಿಯ ಜೀವನಾಡಿ ಅಲಜಾನಿ ನದಿ. ಉತ್ತರಕ್ಕೆ ಹಿಮವನ್ನು ಹೊತ್ತ ಮಹಾ ಕಾಕಸಸ್ ಪರ್ವತಶ್ರೇಣಿ, ದಕ್ಷಿಣಕ್ಕೆ ಅದಕ್ಕಿಂತ ತಗ್ಗಾದ, ಕಾಡು ತುಂಬಿದ ಗೊಂಬೋರಿ ಬೆಟ್ಟಸಾಲು. ಇವೆರಡರ ನಡುವಣ ಅಗಲವಾದ ಕಣಿವೆಯಲ್ಲಿ ಅಲಜಾನಿಯು ವಾಯವ್ಯದಿಂದ ಆಗ್ನೇಯಕ್ಕೆ ಹರಿದು ಅಜರ್ಬೈಜಾನಿನ ಕಡೆಗೆ ಸಾಗುತ್ತದೆ. ಪರ್ವತವು ಉತ್ತರದ ಶೀತಮಾರುತವನ್ನು ತಡೆಯುವುದರಿಂದ ಕಣಿವೆಯ ಬೇಸಗೆ ಉಷ್ಣವಾಗಿಯೂ ದೀರ್ಘವಾಗಿಯೂ ಇರುವುದು. ಅದೇ ಪರ್ವತದಿಂದ ಇಳಿದ ಹೊಳೆಗಳು ಯುಗಯುಗಗಳಿಂದ ತಂದು ಹರಡಿದ ಮೆಕ್ಕಲುಮಣ್ಣು, ನುರುಜುಗಲ್ಲು, ಸುಣ್ಣದಂಶಗಳಿಂದ ನೆಲವು ನೀರನ್ನು ಬೇಕಾದಷ್ಟು ಹಿಡಿದು ಮಿಕ್ಕುದನ್ನು ಬಿಟ್ಟುಕೊಡುವುದು. ದ್ರಾಕ್ಷಿಗೆ ಬೇಕಾದುದು ಇದೇ. ಹಗಲಿನ ಬಿಸಿಲಿನಲ್ಲಿ ಹಣ್ಣಿಗೆ ಸಿಹಿಯೇರುತ್ತದೆ. ರಾತ್ರಿ ಬೆಟ್ಟದಿಂದ ಇಳಿಯುವ ತಂಗಾಳಿ ಅದರ ಹುಳಿಯನ್ನು ಕಳೆಯಗೊಡದು. ಪ್ರಕೃತಿಯ ಈ ವಾತ್ಸಲ್ಯದೊಡನೆ ಅದರ ಮುನಿಸೂ ಉಂಟು: ವಸಂತದ ಕೊನೆಗೆ ಬೀಳುವ ಆಲಿಕಲ್ಲಿನ ಮಳೆ ಒಂದು ಅಪರಾಹ್ನದಲ್ಲಿ ಒಂದು ವರ್ಷದ ಬೆಳೆಯನ್ನು ನೆಲಕ್ಕೊರಗಿಸಬಲ್ಲುದು. ಆಕಾಶವು ಕಪ್ಪಾದಾಗ ಕಾಖೇತಿಯ ರೈತನು ಹೊರಗೆ ಬಂದು ನಿಲ್ಲುವ ನಿಲುವು ನಮ್ಮ ರೈತನ ನಿಲುವಿಗಿಂತ ಬೇರೆಯಲ್ಲ.

ಜಾರ್ಜಿಯಾದ ದ್ರಾಕ್ಷಿತೋಟಗಳಲ್ಲಿ ಬಹುಪಾಲು ಈ ಒಂದು ಸೀಮೆಯಲ್ಲಿವೆ. ನದಿಯ ಬಲದಂಡೆಯಲ್ಲಿ ತೆಲಾವಿ, ತ್ಸಿನಂದಾಲಿ, ಮುಕುಜಾನಿ, ಗುರ್ಜಾನಿ. ಎಡದಂಡೆಯಲ್ಲಿ ಪರ್ವತದ ಪಾದಕ್ಕೆ ಒರಗಿದಂತಿರುವ ಕ್ವಾರೆಲಿ, ನಪರೆಯುಲಿ: ಈ ಹೆಸರುಗಳಲ್ಲಿ ಹೆಚ್ಚಿನವು ಏಕಕಾಲಕ್ಕೆ ಊರಿನ ಹೆಸರೂ ಹೌದು, ಅಲ್ಲಿನ ಮದ್ಯದ ಹೆಸರೂ ಹೌದು. ದೇಶದಲ್ಲಿ ಐನೂರಕ್ಕೂ ಮಿಕ್ಕಿದ ಸ್ಥಳೀಯ ದ್ರಾಕ್ಷಿಯ ತಳಿಗಳನ್ನು ಪಂಡಿತರು ಗುರುತಿಸಿರುವರಾದರೂ ಕಾಖೇತಿಯ ಕೀರ್ತಿಯನ್ನು ಹೊತ್ತಿರುವವು ಮುಖ್ಯವಾಗಿ ಎರಡು. ಬಿಳಿಯ ಜಾತಿಯದು ‘ರ್ಕತ್ಸಿತೆಲಿ’. ಅದರ ಚಿಗುರುಕಾಂಡಕ್ಕಿರುವ ಕೆಂಬಣ್ಣದಿಂದಲೇ ಆ ಹೆಸರು. ಕಪ್ಪು ಜಾತಿಯದು ‘ಸಪೆರಾವಿ’; ಬಣ್ಣ ಕೊಡುವುದು ಎಂದು ಆ ಮಾತಿನ ಅರ್ಥ. ಕಪ್ಪು ದ್ರಾಕ್ಷಿಗಳಲ್ಲಿ ಹೆಚ್ಚಿನವುಗಳ ತಿರುಳು ನಿರ್ವರ್ಣವಾಗಿದ್ದು ಬಣ್ಣವೆಲ್ಲ ಸಿಪ್ಪೆಯಲ್ಲಿರುವುದಷ್ಟೆ. ಸಪೆರಾವಿಯಾದರೋ ತಿರುಳಿನಲ್ಲಿಯೂ ಕೆಂಪು. ಒಂದು ಹಣ್ಣನ್ನು ಹಿಸುಕಿದರೆ ಬೆರಳು ಬಣ್ಣಗಾರನ ಬೆರಳಿನಂತಾಗುವುದು. ಕಿಸಿ, ಖಿಖ್ವಿ, ಮ್ತ್ಸ್ವಾನೆ ಮೊದಲಾದ ಇತರ ಬಿಳಿಯ ತಳಿಗಳು ಒಂದು ಕಾಲಕ್ಕೆ ಮರೆಯಾಗುತ್ತಿದ್ದು ಈಗ ಮರಳಿ ತೋಟಗಳನ್ನು ಸೇರುತ್ತಿವೆ.

ಈ ದೇಶದ ದ್ರಾಕ್ಷಾಮದ್ಯದ ಪ್ರಾಚೀನತೆಯನ್ನು ಕುರಿತು ದೇಶಾಭಿಮಾನದ ಮಾತುಗಳು ಬಹುಕಾಲದಿಂದ ಇದ್ದವು. ಅವಕ್ಕೆ ಪ್ರಮಾಣ ದೊರೆತುದು ನಮ್ಮ ಕಾಲದಲ್ಲಿ. ರಾಜಧಾನಿ ತ್ಬಿಲಿಸಿಗೆ ಸುಮಾರು 50 ಕಿಲೋಮೀಟರ್ ದಕ್ಷಿಣದಲ್ಲಿ, ಎಂದರೆ ಕಾಖೇತಿಯ ಹೊರಗೆ, ಗಡಚ್ರಿಲಿ ಗೋರಾ ಮತ್ತು ಶುಲಾವೆರಿಸ್ ಗೋರಾ ಎಂಬ ಎರಡು ನವಶಿಲಾಯುಗದ ದಿಬ್ಬಗಳನ್ನು ಅಗೆದಾಗ ಸಿಕ್ಕ ಮಡಕೆಚೂರುಗಳ ಒಳಮೈಯಲ್ಲಿ ದ್ರಾಕ್ಷಿಗೆ ವಿಶಿಷ್ಟವಾದ ಟಾರ್ಟಾರಿಕ್ ಆಮ್ಲದ ಅಂಶವು ಪತ್ತೆಯಾಯಿತು. ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಜಾರ್ಜಿಯಾದ ವಿದ್ವಾಂಸರು ಕೂಡಿ 2017ರಲ್ಲಿ ಪ್ರಕಟಿಸಿದ ಈ ಶೋಧನೆಯಂತೆ ಆ ಪಾತ್ರೆಗಳ ಕಾಲ ಕ್ರಿಸ್ತಪೂರ್ವ 6000ದ ಆಚೀಚೆ. ಎಂದರೆ ಇಂದಿಗೆ ಎಂಟು ಸಾವಿರ ವರ್ಷ. ಒಂದು ಮಡಕೆಯ ಹೊರಮೈಯ ಮೇಲೆ ಆ ಕಾಲದ ಕುಂಬಾರನು ಅಂಟಿಸಿದ ಮಣ್ಣಿನ ಗುಬುಟುಗಳು ದ್ರಾಕ್ಷಿಗೊಂಚಲನ್ನೇ ನೆನಪಿಗೆ ತರುತ್ತವೆ. ಆ ಮಡಕೆಗೂ ಇಂದಿನ ಕ್ವೆವ್ರಿಗೂ ಆಕಾರದಲ್ಲಿ ಅಂತರವುಂಟು. ದ್ರಾಕ್ಷಿಯ ರಸಕ್ಕೆ ಮಣ್ಣಿನ ಪಾತ್ರೆಯೇ ತಕ್ಕುದೆಂಬ ತಿಳಿವು ಮಾತ್ರ ಎರಡಕ್ಕೂ ಒಂದೇ.

ಕುಂಬಾರನ ಕೈ

ಕ್ವೆವ್ರಿಯನ್ನು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏಕೆಂದರೆ ಕಾಖೇತಿಯ ಪರಂಪರೆಯಲ್ಲಿ ದ್ರಾಕ್ಷಿಯ ಒಕ್ಕಲಿಗನಿಗೆ ಎಷ್ಟು ಸ್ಥಾನವೋ ಕುಂಬಾರನಿಗೂ ಅಷ್ಟೇ ಸ್ಥಾನ. ತೆಲಾವಿಯ ಸಮೀಪದ ವರ್ದಿಸುಬಾನಿ ಎಂಬ ಹಳ್ಳಿ ಈ ಕೆಲಸಕ್ಕೆ ಹೆಸರಾದುದು. ಇಲ್ಲಿ ತಿಗರಿಯಿಲ್ಲ, ಸಾವಿರಾರು ಲೀಟರು ಹಿಡಿಯುವ ಪಾತ್ರೆಯನ್ನು ತಿಗರಿಯ ಮೇಲೆ ತಿರುಗಿಸಲಾದೀತೆ? ಹದಗೊಳಿಸಿದ ಜೇಡಿಮಣ್ಣನ್ನು ದಪ್ಪನೆಯ ಸುರುಳಿಯಾಗಿ ಹೊಸೆದು, ಚೂಪಾದ ತಳದಿಂದ ಮೊದಲುಮಾಡಿ, ಸುರುಳಿಯ ಮೇಲೆ ಸುರುಳಿಯನ್ನಿಟ್ಟು, ಒಳಗೊಂದು ಕೈ ಹೊರಗೊಂದು ಕೈ ಒತ್ತಿ, ಗೋಡೆಯನ್ನು ಏರಿಸುತ್ತ ಹೋಗುತ್ತಾನೆ. ಒಂದು ದಿನಕ್ಕೆ ಏರುವುದು ಕೆಲವೇ ಅಂಗುಲ. ಅದು ಆರಿ ಬಿಗಿಯಾಗದೆ ಮೇಲಿನ ಭಾರವನ್ನು ಹೊರದು; ತೀರ ಆರಿಬಿಟ್ಟರೆ ಹೊಸ ಮಣ್ಣು ಅದಕ್ಕೆ ಕೂಡಿಕೊಳ್ಳದು. ಆದುದರಿಂದ ಕುಂಬಾರನು ಏಕಕಾಲಕ್ಕೆ ಹಲವು ಗುಡಾಣಗಳನ್ನು ಹೂಡಿ, ಒಂದರಿಂದ ಇನ್ನೊಂದಕ್ಕೆ ನಡೆಯುತ್ತ, ಪ್ರತಿಯೊಂದಕ್ಕೂ ಅದರದರ ಹದವರಿತು ಕೈ ಹಾಕುತ್ತಾನೆ. ತಳದಲ್ಲಿ ಬೊಗಸೆಯಷ್ಟಿದ್ದುದು ನಡುವಿನಲ್ಲಿ ತೋಳುಗಳಿಗೆ ತಬ್ಬಲಾರದಷ್ಟು ಅಗಲವಾಗಿ, ಮತ್ತೆ ಕೊರಳಿನಲ್ಲಿ ಕಿರಿದಾಗುವಾಗ ಅವನು ಮೆಟ್ಟಿಲಿಟ್ಟುಕೊಂಡು ಮೇಲಿನಿಂದ ಕೆಲಸ ಮಾಡುತ್ತಿರುತ್ತಾನೆ. ದೊಡ್ಡ ಗುಡಾಣವೊಂದು ಮುಗಿಯಲು ಎರಡು ಮೂರು ತಿಂಗಳೂ ಹಿಡಿಯಬಹುದು.

ಬಳಿಕ ಆವಿಗೆ. ಗುಡಾಣಗಳನ್ನು ಒಳಗೆ ನಿಲ್ಲಿಸಿ, ಬಾಗಿಲನ್ನು ಇಟ್ಟಿಗೆಯಿಂದ ಕಟ್ಟಿ, ಸೌದೆಯ ಉರಿಯನ್ನು ಹಗಲಿರುಳು ಸುಮಾರು ಒಂದು ವಾರ ಆರಗೊಡದೆ ನಡಸಬೇಕು. ಉರಿ ಹೆಚ್ಚಿದರೆ ಪಾತ್ರೆ ಸೊಟ್ಟಗಾಗುವುದು. ತಗ್ಗಿದರೆ ಮಣ್ಣು ಬೇಯದೆ ಮುಂದೆ ಸೋರುವುದು. ಬೆಂದು ಹೊರಬಂದ ಗುಡಾಣದ ಮೈ ಇನ್ನೂ ಬಿಸಿಯಿರುವಾಗಲೇ ಒಳಗೋಡೆಗೆ ಜೇನುಮೇಣವನ್ನು ಸವರುತ್ತಾರೆ. ಮೇಣವು ಕರಗಿ ಮಣ್ಣಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ನಿಲ್ಲುವುದರಿಂದ ಪಾತ್ರೆಯು ಸೋರದು, ತೊಳೆಯಲು ಸುಲಭವಾಗುವುದು. ಆದರೆ ಮಣ್ಣಿನ ಸ್ವಭಾವವು ಪೂರ್ತಿಯಾಗಿ ಮುಚ್ಚಿಹೋಗದು. ಇಷ್ಟಾದ ಮೇಲೆ ಗುಂಡಿ ತೋಡಿ ಅದನ್ನು ಇಳಿಸಿ ಸುತ್ತಲೂ ಮರಳು ಮಣ್ಣು ತುಂಬಿದರೆ, ಆ ಗುಡಾಣವನ್ನು ಮಾಡಿದವನಾಗಲಿ ಕೊಂಡವನಾಗಲಿ ಅದರ ಮೈಯನ್ನು ಮತ್ತೆ ನೋಡುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಅದು ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಉಳಿದೀತು. ಧಾನ್ಯವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ನೆಲಕ್ಕೆ ಒಪ್ಪಿಸಿ ನಿಶ್ಚಿಂತರಾಗುತ್ತಿದ್ದ ನಮ್ಮ ಹಿರಿಯರಿಗೆ ಈ ಭಾವವು ತಟ್ಟನೆ ಅರ್ಥವಾಗುತ್ತಿತ್ತು.

ರಸವು ಪಾಕಕ್ಕೆ ಬರುವ ಬಗೆ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ‘ರ್ತ್ವೆಲಿ’, ಎಂದರೆ ದ್ರಾಕ್ಷಿಯ ಸುಗ್ಗಿ. ನೆಂಟರೂ ನೆರೆಯವರೂ ಪಟ್ಟಣ ಸೇರಿದ ಮಕ್ಕಳೂ ಬಂದು ಮುಯ್ಯಾಳುಗಳಾಗಿ ನಿಲ್ಲುತ್ತಾರೆ. ಗೊಂಚಲುಗಳು ‘ಸತ್ಸ್ನಖೆಲಿ’ ಎಂಬ, ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗೆ ಬೀಳುತ್ತವೆ; ಕಾಲು ತೊಳೆದುಕೊಂಡವರು ಅವನ್ನು ತುಳಿಯುತ್ತಾರೆ; ರಸವು ಹರಿದು ಗುಡಾಣವನ್ನು ಸೇರುತ್ತದೆ. ಅತ್ತ ಅಂಗಳದಲ್ಲಿ ಹೆಂಗಸರು ಹೊಸ ರಸವನ್ನು ಹಿಟ್ಟಿನೊಡನೆ ಕಾಯಿಸಿ ಗಟ್ಟಿಯಾಗಿಸಿ, ದಾರಕ್ಕೆ ಪೋಣಿಸಿದ ಆಕ್ರೋಡಿನ ಸರಗಳನ್ನು ಅದರಲ್ಲಿ ಅದ್ದಿ ಅದ್ದಿ ತೂಗುಹಾಕುತ್ತಾರೆ. ‘ಚುರ್ಚ್‌ಖೇಲಾ’ ಎಂಬ ಈ ಸಿಹಿ ಚಳಿಗಾಲವಿಡೀ ಮಕ್ಕಳ ಕೈಯಲ್ಲಿರುವುದು.

ಉಳಿದ ಯೂರೋಪಿನಲ್ಲಿ ಬಿಳಿಯ ಮದ್ಯವನ್ನು ಮಾಡುವವರು ರಸವನ್ನು ಹಿಂಡಿ ಸಿಪ್ಪೆಯನ್ನು ಒಡನೆಯೇ ಬೇರ್ಪಡಿಸುವುದು ರೂಢಿ. ಕಾಖೇತಿಯ ಕ್ರಮವು ಇದಕ್ಕೆ ನೇರ ವಿರುದ್ಧವಾದುದು. ಇಲ್ಲಿ ಬಿಳಿಯ ದ್ರಾಕ್ಷಿಯಾದರೂ ಸಿಪ್ಪೆ, ಬೀಜ, ಹಣ್ಣಾದ ತೊಟ್ಟು, ಇವುಗಳ ಒಟ್ಟು ಮೊತ್ತವನ್ನು, ಅವರ ಮಾತಿನಲ್ಲಿ ‘ಚಾಚಾ’ವನ್ನು, ರಸದೊಡನೆಯೇ ಗುಡಾಣಕ್ಕೆ ಹಾಕಬೇಕು. ಹೊರಗಿನಿಂದ ಹುದುಗನ್ನು ಸೇರಿಸುವುದಿಲ್ಲ. ಹಣ್ಣಿನ ಮೈಮೇಲೆಯೂ ಮರಾನಿಯ ಗಾಳಿಯಲ್ಲಿಯೂ ಇರುವ ಹುದುಗೇ ಸಾಕು. ಎರಡು ಮೂರು ದಿನದಲ್ಲಿ ರಸವು ಕುದಿಯುವ ಎಸರಿನಂತೆ ಸದ್ದುಮಾಡತೊಡಗುತ್ತದೆ. ಸಿಪ್ಪೆಯೆಲ್ಲ ಮೇಲಕ್ಕೆದ್ದು ದಪ್ಪನೆಯ ಕೆನೆಯಾಗಿ ಕಟ್ಟಿಕೊಳ್ಳುತ್ತದೆ. ಆ ಕೆನೆಯನ್ನು ಉದ್ದನೆಯ ಕೋಲಿನಿಂದ ದಿನಕ್ಕೆ ನಾಲ್ಕೈದು ಸಲ ಒಡೆದು ಒಳಕ್ಕೆ ತಳ್ಳಬೇಕು, ಇರುಳಿನಲ್ಲಿಯೂ ಎದ್ದು ತಳ್ಳಬೇಕು. ಮೈಮರೆತರೆ ಹುಳಿ ಹಿಡಿದು ವರ್ಷದ ಫಲ ಕೈಬಿಡುವುದು. ಕೆಲವು ವಾರಗಳಲ್ಲಿ ಗದ್ದಲವಡಗಿ ಸಿಪ್ಪೆಯು ತಾನಾಗಿಯೇ ತಳಕ್ಕಿಳಿಯುತ್ತದೆ. ಆಗ ಗುಡಾಣವನ್ನು ಬಾಯಿಮಟ್ಟ ತುಂಬಿ, ಮುಚ್ಚಳವಿಟ್ಟು, ಸುತ್ತಲೂ ಹಸಿಯ ಜೇಡಿಯನ್ನು ಮೆತ್ತಿ, ವಸಂತದವರೆಗೆ ಬಿಟ್ಟುಬಿಡುವುದು. ದ್ರಾಕ್ಷಾರಿಷ್ಟವನ್ನು ಮಡಕೆಯಲ್ಲಿಟ್ಟು ಬಾಯಿಗೆ ಮಣ್ಣುಬಟ್ಟೆ ಸುತ್ತಿ ಧಾನ್ಯರಾಶಿಯಲ್ಲೋ ನೆಲದಲ್ಲೋ ಹುಗಿದಿಡುವ ನಮ್ಮ ವೈದ್ಯರ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು.

ಗುಡಾಣದ ಆಕಾರದಲ್ಲಿ ಒಂದು ಗಾಢವಾದ ವಿವೇಕವಿದೆ. ಭಾರವಾದ ಬೀಜಗಳು ಚೂಪಾದ ತಳಕ್ಕೆ ಜಾರಿ ಅಲ್ಲಿ ಒತ್ತಾಗಿ ಕೂಡುತ್ತವೆ. ಅವುಗಳ ಮೇಲೆ ಗಷ್ಟು ಕವಿದುಕೊಳ್ಳುವುದರಿಂದ ಬೀಜದ ಕಟುವಾದ ಒಗರು ರಸಕ್ಕೆ ಮಿತಿಮೀರಿ ಇಳಿಯದು. ದುಂಡನೆಯ ಗೋಡೆಯಲ್ಲಿ ಮೂಲೆಯೆಂಬುದಿಲ್ಲವಾಗಿ ರಸವು ಎಲ್ಲಿಯೂ ತಂಗದೆ ಬಲುನಿಧಾನವಾಗಿ ಮೇಲೆಕೆಳಗೆ ಸುಳಿಯುತ್ತಿರುವುದು. ಸುತ್ತಣ ನೆಲವು ಹುದುಗೇಳುವಾಗಿನ ಬಿಸಿಯನ್ನು ಹೀರಿಕೊಂಡು, ಆಮೇಲೆ ಹೊರಗೆ ಹಿಮ ಬಿದ್ದರೂ ಬಿಸಿಲೇರಿದರೂ ಒಳಗಿನ ತಂಪನ್ನು ಒಂದೇ ಸಮನಾಗಿ ಕಾಯುವುದು. ಯಂತ್ರವು ವಿದ್ಯುತ್ತಿನ ಬಲದಿಂದ ಸಾಧಿಸುವುದನ್ನು ಇಲ್ಲಿ ನೆಲವೇ ಸಾಧಿಸಿಕೊಡುತ್ತದೆ.

ವಸಂತದಲ್ಲಿ ಜೇಡಿಯನ್ನು ಕೆತ್ತಿ ಮುಚ್ಚಳವನ್ನೆತ್ತಿದಾಗ ಕಾಣುವ ಪಾನೀಯವು ಬಿಳಿಯ ದ್ರಾಕ್ಷಿಯದೆಂದು ನಂಬುವುದು ಕಷ್ಟ. ಆರು ತಿಂಗಳು ಸಿಪ್ಪೆಯ ಸಹವಾಸದಲ್ಲಿದ್ದ ಅದು ಹಳೆಯ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಒಣಗಿದ ಜರ್ದಾಳುವಿನದೂ ಆಕ್ರೋಡಿನದೂ ಎನ್ನಬಹುದಾದ ಗಂಧವಿರುತ್ತದೆ. ನಾಲಗೆಯ ಮೇಲೆ ಕಡು ಚಹದ ಒಗರು ನಿಲ್ಲುತ್ತದೆ. ಉದ್ದ ಹಿಡಿಯುಳ್ಳ ಸೋರೆಬುರುಡೆಯಿಂದ ಅದನ್ನು ಮೊಗೆದು ಇನ್ನೊಂದು ತೊಳೆದ ಗುಡಾಣಕ್ಕೆ ಸಾಗಿಸುವುದು ಹಳೆಯ ಪದ್ಧತಿ. ತಳದಲ್ಲಿ ಉಳಿದ ಚಾಚಾವನ್ನೂ ಬಿಸುಡುವುದಿಲ್ಲ. ಅದನ್ನು ಬಟ್ಟಿಯಿಳಿಸಿ ಅದೇ ಹೆಸರಿನ ತೀಕ್ಷ್ಣವಾದ ಸಾರಾಯಿಯನ್ನು ಪಡೆಯುತ್ತಾರೆ. 2013ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕ್ರಮವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಮಠವೂ ಮನೆಯೂ

ಕಾಖೇತಿಯಲ್ಲಿ ದ್ರಾಕ್ಷಿಬಳ್ಳಿಯನ್ನು ಧರ್ಮದಿಂದ ಬೇರ್ಪಡಿಸಿ ನೋಡಲಾಗದು. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಧರ್ಮವನ್ನು ಈ ದೇಶಕ್ಕೆ ತಂದ ಸಂತ ನಿನೋ, ದ್ರಾಕ್ಷಿಯ ಎರಡು ಕಡ್ಡಿಗಳನ್ನು ತನ್ನ ತಲೆಗೂದಲಿನಿಂದ ಬಿಗಿದು ಶಿಲುಬೆ ಮಾಡಿಕೊಂಡಿದ್ದಳೆಂದು ಐತಿಹ್ಯ. ಆಕೆಯ ಸಮಾಧಿ ಸಿಘ್ನಾಘಿಯ ಬಳಿಯ ಬೋದ್ಬೆಯಲ್ಲಿದೆ. ಇಕಾಲ್ತೋದ ಹಳೆಯ ವಿದ್ಯಾಪೀಠದ ಆವರಣದಲ್ಲಿ ಗ್ರಂಥಪಾಠ ನಡೆಯುತ್ತಿದ್ದ ಗೋಡೆಗಳ ಪಕ್ಕದಲ್ಲಿಯೇ ದ್ರಾಕ್ಷಿ ತುಳಿಯುವ ತೊಟ್ಟಿಗಳೂ ಗುಡಾಣಗಳೂ ಕಾಣಸಿಗುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಕಟ್ಟಿದ ಅಲವೆರ್ದಿಯ ಮಹಾಮಂದಿರದ ಸಂನ್ಯಾಸಿಗಳು ತಮ್ಮ ಪ್ರಾಚೀನ ಮರಾನಿಯನ್ನು ಜೀರ್ಣೋದ್ಧಾರ ಮಾಡಿ ಇಂದಿಗೂ ಕ್ವೆವ್ರಿಯಲ್ಲಿಯೇ ಮದ್ಯವನ್ನು ಸಿದ್ಧಪಡಿಸುತ್ತಾರೆ. ಮನೆಗಳಲ್ಲಿಯೂ ‘ಜೆದಾಶೆ’ ಎಂಬ ಮೀಸಲು ಗುಡಾಣವುಂಟು; ಅದರಲ್ಲಿರುವುದು ದೇವರಿಗೆ, ನಾಮಕರಣಕ್ಕೆ, ಮದುವೆಗೆ, ಸತ್ತವರ ಸ್ಮರಣೆಗೆ. ಮರಾನಿಯು ಮನೆಯ ಅತ್ಯಂತ ಪವಿತ್ರವಾದ ಸ್ಥಳವೆಂಬ ಭಾವನೆ ಜನರಲ್ಲಿ ಆಳವಾಗಿ ಬೇರೂರಿದೆ.

ಅತಿಥಿ ಬಂದಾಗ ‘ಸುಪ್ರಾ’ ಎಂಬ ಔತಣ. ದ್ರಾಕ್ಷಿಯ ಒಣಕಡ್ಡಿಗಳ ಕೆಂಡದ ಮೇಲೆ ಮಾಂಸ ಬೇಯುತ್ತದೆ; ಪಂಕ್ತಿಗೆ ‘ತಮದಾ’ ಎಂಬೊಬ್ಬ ಯಜಮಾನನಿರುತ್ತಾನೆ. ಅವನು ಎದ್ದು ದೇವರನ್ನು, ಶಾಂತಿಯನ್ನು, ದೇಶವನ್ನು, ಗತಿಸಿದವರನ್ನು, ಹುಟ್ಟಲಿರುವ ಮಕ್ಕಳನ್ನು ಕ್ರಮವಾಗಿ ನೆನೆದು ಮಾತಾಡಿದ ಮೇಲಲ್ಲದೆ ಯಾರೂ ಪಾತ್ರೆಯನ್ನು ಎತ್ತುವಂತಿಲ್ಲ. ಮಾತಿನ ನಡುನಡುವೆ ಹಲವು ಕಂಠಗಳು ಬೇರೆಬೇರೆ ಸ್ಥಾಯಿಗಳಲ್ಲಿ ಒಂದನ್ನೊಂದು ಹೆಣೆದುಕೊಂಡು ಹಾಡುತ್ತವೆ. ಹಾಗೆ ಹಾಡುವ ಕಾಖೇತಿಯ ಹಾಡೊಂದನ್ನು, ‘ಚಕ್ರುಲೊ’ವನ್ನು, 1977ರಲ್ಲಿ ಆಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಮುದ್ರಿಸಿ ಕಳುಹಿಸಲಾಗಿದೆ. ಭೂಮಿಯ ಒಳಗೆ ಹೂತ ಗುಡಾಣದ ಬಳಿ ಹುಟ್ಟಿದ ಗಾನವು ಇಂದು ಸೂರ್ಯಮಂಡಲದ ಆಚೆಗೆ ಪ್ರಯಾಣ ಮಾಡುತ್ತಿದೆ.

ಗೋವೆಯ ಮಣ್ಣಿನಲ್ಲಿ ಕಾಖೇತಿಯ ರಾಣಿ

ಈ ಕಣಿವೆಯ ಚರಿತ್ರೆಯಲ್ಲಿ ನಮ್ಮ ನೆರೆಯ ಗೋವೆಗೂ ಸಂಬಂಧಿಸಿದ ಒಂದು ಪ್ರಕರಣವಿದೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಪಾರಸೀಕ ದೊರೆ ಒಂದನೆಯ ಷಾ ಅಬ್ಬಾಸನು ಕಾಖೇತಿಯ ಮೇಲೆ ದಂಡೆತ್ತಿ ಬಂದು, ಗ್ರೆಮಿಯ ರಾಜಧಾನಿಯನ್ನು ಹಾಳುಮಾಡಿ, ಜನರನ್ನು ಕೊಂದು, ಅಸಂಖ್ಯಾತರನ್ನು ಇರಾನಿಗೆ ಸಾಗಿಸಿದನು. ಅವನ ಕೋಪವನ್ನು ಶಮನಗೊಳಿಸಲೆಂದು 1614ರಲ್ಲಿ ತಾನಾಗಿ ಹೋಗಿ ಒತ್ತೆಯಾದ ರಾಣಿ ಕೇತೆವಾನಳು ಶಿರಾಜಿನಲ್ಲಿ ಹತ್ತು ವರ್ಷ ಸೆರೆಯಲ್ಲಿದ್ದು, ಮತವನ್ನು ಬಿಡಲೊಪ್ಪದೆ, 1624ರ ಸೆಪ್ಟೆಂಬರಿನಲ್ಲಿ ಚಿತ್ರಹಿಂಸೆಗೊಳಗಾಗಿ ಪ್ರಾಣಬಿಟ್ಟಳು. ಪೋರ್ಚುಗೀಸ್ ಅಗಸ್ಟೀನಿಯನ್ ಪಾದ್ರಿಗಳು ಆಕೆಯ ಅಸ್ಥಿಯ ಒಂದಂಶವನ್ನು ಹಳೆಯ ಗೋವೆಯ ತಮ್ಮ ಮಠಕ್ಕೆ ತಂದಿಟ್ಟರು. ಮಠವು ಪಾಳುಬಿದ್ದು ಶತಮಾನಗಳು ಕಳೆದ ಮೇಲೆ, ಪುರಾತತ್ತ್ವ ಇಲಾಖೆಯವರಿಗೆ ಅಲ್ಲಿನ ಅವಶೇಷಗಳ ನಡುವೆ ಮೂಳೆಯ ತುಂಡೊಂದು ದೊರೆಯಿತು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು 2013ರಲ್ಲಿ ಅದು ಆ ರಾಣಿಯದೇ ಇರಬೇಕೆಂದು ವಂಶವಾಹಿ ಪರೀಕ್ಷೆಯಿಂದ ತೋರಿಸಿದರು. 2021ರ ಜುಲೈಯಲ್ಲಿ ಭಾರತವು ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಆ ದೇಶದ ಚರ್ಚು ಆಕೆಯನ್ನು ಸೆಪ್ಟೆಂಬರ್ 26ರಂದು ಸ್ಮರಿಸುತ್ತದೆ. ಕಾಖೇತಿಯಲ್ಲಿ ಅದು ಸುಗ್ಗಿಯ ನಡುಗಾಲ. ಆಕೆಯ ಮಗ, ದೊರೆ ಒಂದನೆಯ ತೇಮುರಾಜನು ಕವಿಯಾಗಿದ್ದನು. ತಾಯಿಯ ಬಲಿದಾನವನ್ನು ಕಾವ್ಯವಾಗಿ ಬರೆದ ಲೇಖನಿಯಿಂದಲೇ ಅವನು ಮದ್ಯಕ್ಕೂ ತುಟಿಗೂ ನಡೆದ ಸಂವಾದವೊಂದನ್ನೂ ಬರೆದನು. ರಾಜ್ಯವನ್ನು ಕಳೆದುಕೊಂಡು ಅಲೆದವನೂ ತನ್ನ ನೆಲದ ಬಳ್ಳಿಯನ್ನು ಮರೆಯಲಿಲ್ಲ.

ಆಜ್ಞೆಗಳ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ತ್ಸಿನಂದಾಲಿಯ ಪ್ರಭುವೂ ಕವಿಯೂ ಆದ ಅಲೆಕ್ಸಾಂಡರ್ ಚಾವ್ಚವಾಡ್ಜೆಯು ಯೂರೋಪಿನ ಕ್ರಮದಲ್ಲಿ ಪೀಪಾಯಿಯನ್ನೂ ಸೀಸೆಯನ್ನೂ ಬಳಕೆಗೆ ತಂದನು. ಅಂದಿನಿಂದ ಕಣಿವೆಯಲ್ಲಿ ಎರಡು ಕ್ರಮಗಳು ಅಕ್ಕಪಕ್ಕದಲ್ಲಿ ನಡೆದುಬಂದವು. ಸೋವಿಯತ್ ಆಡಳಿತದಲ್ಲಿ ಮದ್ಯವು ಕಾರ್ಖಾನೆಗಳ ಸರಕಾಯಿತು; ಹೆಚ್ಚು ಇಳುವರಿ ಕೊಡುವ ಕೆಲವೇ ತಳಿಗಳಿಗೆ ಪ್ರಾಶಸ್ತ್ಯ ದೊರೆತು ಮಿಕ್ಕವು ಮೂಲೆಗುಂಪಾದವು. ಆಗಲೂ ಹಿತ್ತಲಿನ ನಾಲ್ಕು ಸಾಲು ಬಳ್ಳಿಯೂ ಮನೆಯ ಗುಡಾಣವೂ ರೈತನ ಬಳಿ ಉಳಿದವು. ಕಾರ್ಖಾನೆಗೆ ಹಣ್ಣನ್ನು ಒಪ್ಪಿಸಿ ಬಂದವನು ಸಂಜೆ ತನ್ನ ಮನೆಯ ಕೆನೆಯನ್ನು ತಂದೆಯಂತೆಯೇ ಕೋಲಿನಿಂದ ತಳ್ಳಿದನು. 1985ರಲ್ಲಿ ಗೋರ್ಬಚೋವರ ಪಾನವಿರೋಧಿ ಆಂದೋಲನ ಬಂದಾಗ ಬಳ್ಳಿಗಳನ್ನೇ ಕೀಳಲಾಯಿತು. 2006ರಲ್ಲಿ ರಷ್ಯಾವು ಜಾರ್ಜಿಯಾದ ಮದ್ಯವನ್ನು ನಿಷೇಧಿಸಿತು; ರಫ್ತಿನ ಬಹುಪಾಲು ಆ ಒಂದು ದೇಶಕ್ಕೇ ಹೋಗುತ್ತಿದ್ದುದರಿಂದ 2013ರವರೆಗೆ ನಡೆದ ಆ ನಿಷೇಧವು ರೈತನ ಬೆನ್ನೆಲುಬಿಗೆ ಬಿದ್ದ ಪೆಟ್ಟಾಯಿತು. ಆದರೆ ಅದೇ ಸಂಕಟವು ಅವನ ದೃಷ್ಟಿಯನ್ನು ದೂರದ ಮಾರುಕಟ್ಟೆಗಳತ್ತ ತಿರುಗಿಸಿತು. ಎಲ್ಲೆಡೆ ದೊರೆಯುವುದನ್ನೇ ತಾನೂ ಕೊಟ್ಟರೆ ಯಾರು ಕೊಂಡಾರು ಎಂದು ಯೋಚಿಸಿದವರು, ಅಜ್ಜನು ಬಿಟ್ಟುಹೋದ ಗುಡಾಣದ ಮುಚ್ಚಳವನ್ನು ಎತ್ತಿದರು.

ಇಂದಿಗೂ ಅಲ್ಲಿನ ಮಾರಾಟದ ಮದ್ಯದಲ್ಲಿ ಹೆಚ್ಚಿನದು ಉಕ್ಕಿನ ತೊಟ್ಟಿಗಳಲ್ಲಿಯೇ ಸಿದ್ಧವಾಗುವುದು. ಕ್ವೆವ್ರಿಯ ಪಾಲು ಅಲ್ಪ. ಗುಡಾಣಕ್ಕೆ ದೂರದ ದೇಶಗಳಿಂದಲೂ ಬೇಡಿಕೆಯುಂಟಾಗಿದೆ. ಅದನ್ನು ಮಾಡಬಲ್ಲ ಮನೆತನಗಳು ಮಾತ್ರ ಬೆರಳೆಣಿಕೆಯಷ್ಟು. ಪಟ್ಟಿಗಳಲ್ಲಿ ಹೆಸರು ಸೇರಿದ ಮಾತ್ರಕ್ಕೆ ವಿದ್ಯೆಯು ಉಳಿಯಲಾರದು. ಮಣ್ಣಿನ ಹದವನ್ನು ಬೆರಳಿನಿಂದ ಅರಿಯುವ ಹುಡುಗರು ವರ್ದಿಸುಬಾನಿಯಲ್ಲಿ ಹುಟ್ಟಿ ಬೆಳೆಯಬೇಕು, ಅವರ ಶ್ರಮಕ್ಕೆ ತಕ್ಕ ಅನ್ನವು ಅವರಿಗೆ ದೊರೆಯಬೇಕು.

ಈ ಪರಂಪರೆಯ ಉಳಿವಿಗೆ ಆಧಾರವಾದ ಕೆಲಸವೊಂದಿದೆ. ಔತಣದಲ್ಲಿ ಅದನ್ನು ಯಾರೂ ನೆನೆಯುವುದಿಲ್ಲ. ಗುಡಾಣವು ಬರಿದಾದೊಡನೆ ಅದನ್ನು ತೊಳೆಯಬೇಕು. ಸಣ್ಣದಾದರೆ ಚೆರಿಮರದ ತೊಗಟೆಯ ಪದರಗಳನ್ನು ಉದ್ದನೆಯ ಕೋಲಿಗೆ ಕಟ್ಟಿದ ಉಜ್ಜುಗೋಲಿನಿಂದ ಮೇಲಿನಿಂದಲೇ ತೊಳೆಯುತ್ತಾರೆ. ದೊಡ್ಡದಾದರೆ ಮನುಷ್ಯನೇ ಒಳಗಿಳಿಯಬೇಕು. ಕಿರಿದಾದ ಕೊರಳಿನಿಂದ ಭುಜವನ್ನು ನುಸುಳಿಸಿ, ಮೊಳಕಾಲೂರಿ, ತಾನು ಎಂದೂ ಹೊರಗಿನಿಂದ ಕಾಣದ ಆ ದುಂಡುಗೋಡೆಯನ್ನು ಸುತ್ತಲೂ ಉಜ್ಜಿ, ಹಳೆಯ ವರ್ಷದ ಕರೆಯನ್ನು ಬಿಡಿಸಿ, ನೀರನ್ನು ಮೇಲಕ್ಕೆ ಕಳುಹಿಸುತ್ತಾನೆ. ಮೇಲೆ ನಿಂತವರು ನೋಡುತ್ತಾರೆ: ಮೊದಲು ಬರುವುದು ಕೆಂಪಗಿನ ನೀರು, ಆಮೇಲೆ ಮಬ್ಬಾದುದು, ಆಮೇಲೆ ಮತ್ತಷ್ಟು ತಿಳಿಯಾದುದು. ಕೆಳಗಿನಿಂದ ಬಂದ ಬಕೆಟಿನ ನೀರು ಮೇಲಿನಿಂದ ಇಳಿಸಿದ ನೀರಿನಷ್ಟೇ ತಿಳಿಯಾಗುವವರೆಗೂ ಅವನು ಹೊರಗೆ ಬರುವುದಿಲ್ಲ.